ಎಳೆಯ ಕೈಗಳಿಗೆ ವಿದ್ಯುತ್ತಿನ ಪಾಠ

ಕಬ್ಬಾಳಿನ ಸುತ್ತಣ ಮನೆಗಳಲ್ಲಿ ಹೆಣ್ಣುಮಗುವಿಗೆ ವಿದ್ಯುತ್ತಿನ ವಿಷಯವಾಗಿ ದೊರೆಯುವ ಮೊದಲನೆಯ ಪಾಠವು ‘ಮುಟ್ಟಬೇಡ’ ಎಂಬುದು. ಗೋಡೆಯ 230 ವೋಲ್ಟಿನ ಮಟ್ಟಿಗೆ ತಾಯಂದಿರ ಈ ಮಾತು ಸರ್ವಥಾ ಯುಕ್ತವಾದುದು. ಆದರೆ ಒಲೆಯಿಂದ ದೂರ ನಿಂತು ಅಡುಗೆಯನ್ನು ಕಲಿತವರುಂಟೆ? ಆದಕಾರಣ, ಮುಟ್ಟಿದರೆ ಅಪಾಯವಿಲ್ಲದ, ತಪ್ಪಿದರೆ ಹೆಚ್ಚು ನಷ್ಟವಿಲ್ಲದ ಉಪಕರಣವು ಹೊಸಬರಿಗೆ ಬೇಕು.

ಹಿಂದಿನವರಿಗೆ ಅದು ಹರಳಿನ ರೇಡಿಯೋ ರೂಪದಲ್ಲಿ ದೊರೆತಿತ್ತು. ಗೆಲೀನವೆಂಬ ಸೀಸದ ಅದಿರಿನ ಹರಳೊಂದು, ಅದನ್ನು ಮುಟ್ಟುವ ಸೂಕ್ಷ್ಮ ತಂತಿ, ತಾಮ್ರದ ಸುರುಳಿ, ಕಿವಿಗೆ ಹಿಡಿಯುವ ಫೋನು, ಇಷ್ಟೇ. ಬ್ಯಾಟರಿಯೂ ಬೇಡ, ಬಂದ ಅಲೆಯ ಶಕ್ತಿಯೇ ಅದನ್ನು ನುಡಿಸುತ್ತಿತ್ತು. 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ‘ಆಕಾಶವಾಣಿ’ಯನ್ನು ಪ್ರಾರಂಭಿಸಿದ ಶ್ರೀ ಎಂ. ವಿ. ಗೋಪಾಲಸ್ವಾಮಿಯವರು ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದರೆಂಬುದನ್ನು ಇಲ್ಲಿ ಸ್ಮರಿಸಬಹುದು.

ಈಗ ಆ ಸ್ಥಾನಕ್ಕೆ ‘ಆರ್ಡುಯಿನೋ’ ಎಂಬ ಪುಟ್ಟ ಹಲಗೆಯು ಬಂದಿದೆ. 2005ರಲ್ಲಿ ಇಟಲಿಯ ಇವ್ರೇಯ ಪಟ್ಟಣದಲ್ಲಿ ಮಾಸ್ಸಿಮೋ ಬಾಂಝಿ ಮೊದಲಾದವರು ಇದನ್ನು ರಚಿಸಿದುದು ಎಂಜಿನಿಯರುಗಳಿಗಾಗಿ ಅಲ್ಲ, ವಿನ್ಯಾಸಕಲೆಯ ವಿದ್ಯಾರ್ಥಿಗಳಿಗಾಗಿ. ಅವರು ನಕ್ಷೆಯನ್ನು ಬಚ್ಚಿಡದೆ ಲೋಕಕ್ಕೇ ಒಪ್ಪಿಸಿದರಾಗಿ ಇತರರೂ ಅದನ್ನು ಮಾಡಿ ಅಗ್ಗವಾಗಿ ಮಾರತೊಡಗಿದರು. 2016ರಲ್ಲಿ ಬ್ರಿಟನ್ನಿನ ಬಿ.ಬಿ.ಸಿ.ಯು ‘ಮೈಕ್ರೋಬಿಟ್’ ಎಂಬ ಹಲಗೆಯನ್ನು 10 ಲಕ್ಷದಷ್ಟು ಮಕ್ಕಳಿಗೆ ಉಚಿತವಾಗಿ ಹಂಚುವ ಕಾರ್ಯವನ್ನು ಕೈಗೊಂಡಿತು. ನಮ್ಮ ದೇಶದಲ್ಲಿಯೂ 6ರಿಂದ 12ನೆಯ ತರಗತಿಯ ಮಕ್ಕಳಿಗಾಗಿ ಅಟಲ್ ಟಿಂಕರಿಂಗ್ ಪ್ರಯೋಗಶಾಲೆಗಳ ಯೋಜನೆಯು ಹುಟ್ಟಿತು.

ಆದರೂ ನನ್ನ ಅಭಿಪ್ರಾಯದಲ್ಲಿ ಹಲಗೆಯು ಎರಡನೆಯ ಪಾಠ. ಅದರ ಮೇಲಿನ ದೀಪಕ್ಕೆ ಬೇಕಾದ ರೋಧಕವನ್ನು ಮಾಡಿದವರೇ ಕೂಡಿಸಿರುತ್ತಾರೆ. ದೀಪ ಮಿನುಗುತ್ತದೆ, ಏಕೆಂಬುದು ತಿಳಿಯುವುದಿಲ್ಲ. ಮೊದಲು ಟಾರ್ಚಿನ ಮೂರು ಸೆಲ್ಲುಗಳನ್ನು ಸಾಲಾಗಿ ಇಡಿರಿ, 4.5 ವೋಲ್ಟು ದೊರೆಯುತ್ತದೆ. ಕೆಂಪು ಎಲ್.ಇ.ಡಿ. ದೀಪವು ಸುಮಾರು 2 ವೋಲ್ಟನ್ನು ತಾನು ಹಿಡಿಯುತ್ತದೆ. ಉಳಿದ 2.5ನ್ನು 220 ಓಮಿನ ರೋಧಕದಿಂದ ಭಾಗಿಸಿದರೆ ಹರಿಯುವ ಪ್ರವಾಹವು ಸುಮಾರು 11 ಮಿಲಿಆಂಪಿಯರು. ದೀಪಕ್ಕೆ ಇದು ಹಿತವಾದ ಪ್ರಮಾಣ. ರೋಧಕವನ್ನು ಮರೆತರೆ ದೀಪವು ಸುಟ್ಟುಹೋದೀತು. ನಷ್ಟವು ಕೆಲವೇ ರೂಪಾಯಿ. ತೂತುಗಳುಳ್ಳ ಬ್ರೆಡ್‌ಬೋರ್ಡಿನಲ್ಲಿ ತಂತಿಗಳನ್ನು ಚುಚ್ಚಿದರಾಯಿತು, ಬೆಸುಗೆಯೂ ಬೇಡ.

ಪ್ರಯೋಗದ ಮೇಜಿನಲ್ಲಿ ತಂತಿಯು ಹುಡುಗರ ಕೈಗೂ, ಟಿಪ್ಪಣಿಯ ಪುಸ್ತಕವು ಹುಡುಗಿಯರ ಕೈಗೂ ಸೇರುವುದನ್ನು ಹಲವೆಡೆ ಕಾಣುತ್ತೇವೆ. ಹೆಣ್ಣುಮಕ್ಕಳ ಶಾಲೆಯಲ್ಲಿ ಆ ತೊಂದರೆಯಿಲ್ಲ. ಮನೆಯಲ್ಲಿ ಮಾತ್ರ ಉಂಟು. ದೀಪವು ಹತ್ತದಿದ್ದರೆ ಬಹುಶಃ ಅದರ ಕಾಲುಗಳು ಅದಲುಬದಲಾಗಿರುತ್ತವೆ, ಏಕೆಂದರೆ ಪ್ರವಾಹವು ಅದರಲ್ಲಿ ಒಂದೇ ದಿಕ್ಕಿನಲ್ಲಿ ಹರಿಯಬಲ್ಲುದು. ಆಗ ತಂದೆಯಾಗಲಿ ಅಣ್ಣನಾಗಲಿ ಮಗಳ ಕೈಯಿಂದ ಅದನ್ನು ಕಸಿದುಕೊಂಡು ಸರಿಪಡಿಸದೆ, ತಿರುಗಿಸಿ ಚುಚ್ಚಲು ಅವಳಿಗೇ ತೋಚುವವರೆಗೆ ಸುಮ್ಮನೆ ಕಾದಿರಲಿ.