ಬಡತನ ವ್ರತವಲ್ಲ, ವ್ರತ ಬಡತನವಲ್ಲ



ಕನ್ನಿಸ್ವಾಮಿಗಳೇ, ನಾನಿರುವುದು ಹೈದರಾಬಾದಿನ ಮಾದಾಪುರದಲ್ಲಿ. 1998ರಲ್ಲಿ ಸೈಬರ್ ಟವರ್ಸ್ ಶುರುವಾದ ಮೇಲೆ ಬೆಳೆದ ಐಟಿ ಏರಿಯಾ ಇದು. ಇಲ್ಲಿ ಅಯ್ಯಪ್ಪ ಸೊಸೈಟಿ ಅಂತಲೇ ಒಂದು ಬಡಾವಣೆಯಿದೆ, ತುಂಬಾ ಪಿಜಿ ಹಾಸ್ಟೆಲ್‌ಗಳು. ಡಿಪ್ಲೊಮಾ ಮುಗಿಸಿ ಸಪೋರ್ಟ್ ಕೆಲಸ ಮಾಡುವ ನಾನು ದಿನವೂ ದೊಡ್ಡ ಸಂಬಳದವರ ಲ್ಯಾಪ್‌ಟಾಪ್ ಸರಿಮಾಡುತ್ತೇನೆ. ಅವರ ಬಾಯಲ್ಲೂ ಇಎಂಐ ಚಿಂತೆಯೇ. ಹಾಗಾದರೆ ಹಣದಿಂದ ನೆಮ್ಮದಿ ಸಿಗುವುದಿಲ್ಲವೇ?

ಸಿಗುತ್ತದೆ, ಸುಳ್ಳು ಹೇಳಬಾರದು. ಅಮೆರಿಕದಲ್ಲಿ ವರ್ಷಕ್ಕೆ ಸುಮಾರು 75,000 ಡಾಲರ್ ದಾಟಿದರೆ ದಿನನಿತ್ಯದ ಖುಷಿ ಹೆಚ್ಚುವುದಿಲ್ಲ ಎಂದು 2010ರಲ್ಲಿ ಡೇನಿಯಲ್ ಕಾನೆಮನ್, ಆಂಗಸ್ ಡೀಟನ್ ಬರೆದರು. 2023ರಲ್ಲಿ ಕಾನೆಮನ್ ಅವರೇ ಇತರರೊಂದಿಗೆ ಮತ್ತೆ ಪರಿಶೀಲಿಸಿದಾಗ ಹೆಚ್ಚಿನವರಿಗೆ ಖುಷಿ ಏರುತ್ತಲೇ ಇತ್ತು. ತೀರಾ ನೊಂದವರಿಗೆ ಮಾತ್ರ ಒಂದು ಹಂತದಲ್ಲಿ ನಿಂತಿತ್ತು. ಅಂದರೆ ಕೆಲವು ನೋವು ಹಣಕ್ಕೆ ಬಗ್ಗುವುದಿಲ್ಲ.

ಇನ್ನು ಬಡತನ. ತಮಿಳುನಾಡಿನ 464 ಕಬ್ಬು ಬೆಳೆಗಾರರ ಅಧ್ಯಯನ 2013ರಲ್ಲಿ ಬಂತು. ಕಟಾವಿಗೆ ಮುಂಚೆ ಕೈ ಖಾಲಿಯಿದ್ದಾಗ ಯೋಚನೆಯ ಪರೀಕ್ಷೆಯಲ್ಲಿ ಹಿಂದೆ ಬಿದ್ದ ರೈತರೇ, ಕಟಾವಾದ ಮೇಲೆ ಚೆನ್ನಾಗಿ ಮಾಡಿದರು. ಬುದ್ಧಿ ಅದೇ, ಚಿಂತೆ ಜಾಗ ತಿಂದಿತ್ತು. ಆದ್ದರಿಂದ ಬಡತನವನ್ನು ತಪಸ್ಸು ಎಂದು ಹೊಗಳಬೇಡಿ.

ನಮ್ಮ 41 ದಿನದ ಬರಿಗಾಲು, ಚಾಪೆ, ತಣ್ಣೀರು ಬೇರೆ. ಅದು ನಾವೇ ಆರಿಸಿಕೊಂಡದ್ದು, ಮುಗಿಯುವ ದಿನ ಗೊತ್ತು, ಜೊತೆಗೆ ಗುರುಸ್ವಾಮಿ ಇದ್ದಾರೆ. ಬಡವನ ಕಷ್ಟಕ್ಕೆ ಈ ಮೂರೂ ಇಲ್ಲ.

ವ್ರತ ಕಲಿಸುವುದು "ಸಾಕು" ಎನ್ನುವುದನ್ನು. 12ನೇ ಶತಮಾನದ ಕಲ್ಯಾಣದಲ್ಲಿ, ಅಂದರೆ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ, ಮಾರಯ್ಯ ಒಂದು ದಿನ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದ. ಹೆಂಡತಿ ಆಯ್ದಕ್ಕಿ ಲಕ್ಕಮ್ಮ ಅದನ್ನು ವಾಪಸ್ ಸುರಿದು ಬರಲು ಹೇಳಿದಳೆಂಬ ಕಥೆ ನಮಗೆಲ್ಲ ಗೊತ್ತು. ಇರುಮುಡಿಯೂ ಅದೇ ಪಾಠ: ಮುಂದಿನ ಗಂಟು ಸ್ವಾಮಿಗೆ, ಹಿಂದಿನದು ನಮ್ಮ ದಾರಿಯ ಅಗತ್ಯಕ್ಕೆ. ತಲೆ ಹೊರುವಷ್ಟೇ ಕಟ್ಟಬೇಕು.

ಈ ಮಂಡಲದಲ್ಲಿ ಹೀಗೆ ಮಾಡೋಣ:
1. ಪಡಿಪೂಜೆ ಜೋರಾಗಲೆಂದು ಲೋನ್ ಆ್ಯಪ್‌ನಲ್ಲಿ ಸಾಲ ಬೇಡ.
2. ಸಿಗರೇಟು, ಬಿರಿಯಾನಿ, ವೀಕೆಂಡ್ ಪಾರ್ಟಿ ಬಿಟ್ಟು ಉಳಿದ ಹಣವನ್ನು ದಿನವೂ ಬರೆದಿಡಿ.
3. ಅದರಲ್ಲಿ ಮೊದಲು ಸಾಲದ ಕಂತು, ಆಮೇಲೆ ಅನ್ನದಾನ.
4. ಮನೆಗೆ ಕಳಿಸುವುದನ್ನು ಕಡಿಮೆ ಮಾಡಬೇಡಿ. ನನ್ನ ಅಪ್ಪನ ಬಿಪಿ ಮಾತ್ರೆ ನಾನು ಕಳಿಸುವ ಹಣದಲ್ಲೇ ಬರುತ್ತದೆ. ಅದನ್ನು ನಿಲ್ಲಿಸಿ ಮಾಡುವ ವ್ರತ ಸ್ವಾಮಿಗೆ ಬೇಕಿಲ್ಲ.

ಮಾಲೆ ತೆಗೆದ ಮೇಲೂ "ಸಾಕು" ಉಳಿಯಲಿ.

ಸ್ವಾಮಿ ಶರಣಂ.