ಬೆಟ್ಟ ಹತ್ತುವ ಬಿಯರ್ ಬಾಟಲಿ: ಒತ್ತಡದ ಲೆಕ್ಕ

ಮುಳ್ಳಯ್ಯನಗಿರಿಗೆ ಹೋದಾಗ ಬ್ಯಾಗಲ್ಲಿದ್ದ ಚಿಪ್ಸ್ ಪ್ಯಾಕೆಟ್ ಬಲೂನ್ ಥರ ಉಬ್ಬೋದನ್ನ ನಾವೆಲ್ಲ ನೋಡಿದೀವಿ. ಹಾಗಾದ್ರೆ ಗ್ಯಾಸ್ ತುಂಬಿದ ಬಿಯರ್ ಬಾಟಲಿಯನ್ನು ಬೆಟ್ಟಕ್ಕೆ ಒಯ್ದರೆ ಸಿಡಿಯತ್ತಾ?

ಅಮೆರಿಕದ ಕೊಲೊರಾಡೋದಲ್ಲಿ ಇದು ನಿಜವಾಗಿ ಎದುರಾಗುವ ಪ್ರಶ್ನೆ. ಅಲ್ಲಿ ಸ್ವಂತ ಬಳಕೆಗೆ ಮನೆಯಲ್ಲೇ ಬಿಯರ್ ಮಾಡಬಹುದು. (ನಮ್ಮಲ್ಲಿ ಲೈಸೆನ್ಸ್ ಇಲ್ಲದೆ ಮಾಡೋ ಹಾಗಿಲ್ಲ, ಹಾಸ್ಟೆಲ್‌ನಲ್ಲಿ ಟ್ರೈ ಮಾಡ್ಬೇಡಿ!) ಡೆನ್ವರ್ ಸುಮಾರು 1,600 ಮೀಟರ್ ಎತ್ತರದಲ್ಲಿದೆ, ಲೆಡ್‌ವಿಲ್ ಸುಮಾರು 3,100.

ಮೊದಲು ಎತ್ತರದ ಲೆಕ್ಕ. ಬಾಟಲಿ ಗಟ್ಟಿ, ಒಳಗಿನ ಒತ್ತಡ ಬದಲಾಗಲ್ಲ. ಹೊರಗಿನ ಗಾಳಿಯದ್ದು ಮಾತ್ರ ಇಳಿಯತ್ತೆ. ಡೆನ್ವರ್‌ನಿಂದ ಲೆಡ್‌ವಿಲ್‌ಗೆ ಈ ವ್ಯತ್ಯಾಸ 0.15 ಅಟ್ಮಾಸ್ಫಿಯರ್ ಕೂಡ ಇಲ್ಲ. ಸಮುದ್ರಮಟ್ಟದಿಂದ ಹೊರಟರೂ ಸುಮಾರು 0.3 ಅಷ್ಟೇ.

ಈಗ ಬಿಸಿಲಿನ ಲೆಕ್ಕ. ಒಂದು ಲೀಟರ್ ಬಿಯರ್‌ನಲ್ಲಿ ಸಾಮಾನ್ಯವಾಗಿ ಎರಡೂವರೆ ಲೀಟರ್‌ನಷ್ಟು ಕಾರ್ಬನ್ ಡೈಆಕ್ಸೈಡ್ ಕರಗಿರತ್ತೆ. ಹೆನ್ರಿ ನಿಯಮ ನೆನಪಿದೆಯಲ್ವಾ? ದ್ರವ ಬಿಸಿಯಾದಂತೆ ಅನಿಲ ಕರಗೋದು ಕಡಿಮೆ. 20 ಡಿಗ್ರಿಯಿಂದ 40 ಡಿಗ್ರಿಗೆ ಹೋದರೆ ಒಳಗಿನ ಒತ್ತಡ ಸುಮಾರು ಒಂದೂವರೆ ಅಟ್ಮಾಸ್ಫಿಯರ್ ಏರತ್ತೆ. ಅಂದ್ರೆ ಇಡೀ ಪರ್ವತಕ್ಕಿಂತ ಬಿಸಿಲಲ್ಲಿ ನಿಲ್ಲಿಸಿದ ಕಾರೇ ಅಪಾಯ.

ಅದಕ್ಕಿಂತ ದೊಡ್ಡ ವಿಲನ್ ಸಕ್ಕರೆ. ಹುದುಗೋದು ಮುಗಿಯುವ ಮೊದಲೇ ಬಾಟಲಿಗೆ ತುಂಬಿದರೆ ಯೀಸ್ಟ್ ಒಳಗೇ ಕೆಲಸ ಮುಂದುವರಿಸತ್ತೆ. ಹೈಡ್ರೋಮೀಟರ್ ರೀಡಿಂಗ್ ಇನ್ನು 0.004 ಇಳಿಯೋದು ಬಾಕಿ ಇದ್ದರೂ ಸಾಕು, ಎರಡಕ್ಕಿಂತ ಹೆಚ್ಚು ಅಟ್ಮಾಸ್ಫಿಯರ್ ಸೇರಿಕೊಳ್ಳತ್ತೆ. ಹೀಗೆ ಸಿಡಿದ ಗಾಜು ಕಣ್ಣಿಗೇ ಹೊಡೀಬಹುದು. ಆದ್ದರಿಂದ ಕೆಲವು ದಿನಗಳ ಅಂತರದಲ್ಲಿ ರೀಡಿಂಗ್ ಒಂದೇ ಬರೋವರೆಗೆ ಕಾಯಬೇಕು. ಹೊರಡುವ ಮೊದಲು ಒಂದು ಬಾಟಲಿ ತೆರೆದು ನೋಡಬೇಕು. ನೊರೆ ಚಿಮ್ಮಿದರೆ ಆ ಬ್ಯಾಚ್ ಪ್ರಯಾಣಕ್ಕೆ ಬೇಡ. ಗೀರು ಬಿದ್ದ ಹಳೇ ಬಾಟಲಿಯೂ ಬೇಡ.

ಸಾಗಿಸುವಾಗ ಬಾಟಲಿಗಳನ್ನು ತಣ್ಣಗೆ ಮಾಡಿ, ನಡುವೆ ರಟ್ಟು ಇಟ್ಟು, ಮುಚ್ಚಳ ಇರುವ ಐಸ್ ಬಾಕ್ಸ್‌ನಲ್ಲಿ ನೆಟ್ಟಗೆ ನಿಲ್ಲಿಸಿ ಡಿಕ್ಕಿಯಲ್ಲಿಡೋದು ಒಳ್ಳೇದು. 4 ಡಿಗ್ರಿಯಲ್ಲಿ ಒತ್ತಡ 20 ಡಿಗ್ರಿಯಲ್ಲಿ ಇದ್ದದ್ದಕ್ಕಿಂತ ಸಾಕಷ್ಟು ಕಡಿಮೆ. ಚಳಿಗಾಲದಲ್ಲಿ ಮಾತ್ರ ರಾತ್ರಿ ಕಾರಲ್ಲೇ ಬಿಡಬಾರದು, ಬಿಯರ್ ಹೆಪ್ಪುಗಟ್ಟಿ ಹಿಗ್ಗಿದರೂ ಗಾಜು ಬಿರಿಯತ್ತೆ.

ತಲುಪಿದ ಮೇಲೂ ಅವಸರ ಬೇಡ. ಹೊರಗೆ ಗಾಳಿಯ ಒತ್ತಡ ಕಡಿಮೆ ಇರೋದ್ರಿಂದ ನೊರೆ ಜಾಸ್ತಿ ಬರತ್ತೆ. ಒಂದು ರಾತ್ರಿ ಫ್ರಿಜ್‌ನಲ್ಲಿ ಅಲುಗಾಡದೆ ನಿಂತರೆ ಕುಲುಕಿದ ಬಿಯರ್ ಶಾಂತವಾಗತ್ತೆ, ಅಡಿಯ ಯೀಸ್ಟ್ ಕೂಡ ಮತ್ತೆ ಕೂರತ್ತೆ.