ಕಾರ್ಡು ಆಯಿತು, ಪ್ರೊಸೆಸರ್‌ಗೆ ಮುಂಚೆ ಮಾನಿಟರ್ ನೋಡಪ್ಪಾ

ಆರ್‌ಟಿಎಕ್ಸ್ 5080 ಕಾರ್ಡೇ ಬೇಕು ಅಂತ ತೀರ್ಮಾನ ಮಾಡಿದ್ದೀಯ, ಅದಕ್ಕೆ ತಕ್ಕ ಪ್ರೊಸೆಸರ್ ಯಾವುದು ಅಂತ ಕೇಳಿದ್ದೀಯ. ಧರ್ಮಪುರದಿಂದ ಬಸ್ಸು ಹತ್ತಿ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದರೆ ಅಂಗಡಿಯವರು ಮೊದಲು ಕೇಳುವುದು ಬಜೆಟ್ ಎಷ್ಟು ಅಂತ. ಅವರು ಕೇಳುವ ಮುಂಚೆ ನಿನ್ನನ್ನೇ ನೀನು ಕೇಳಿಕೋ: ನನ್ನ ಮಾನಿಟರ್ ಯಾವುದು? ನಾನು ಆಡುವ ಆಟ ಯಾವುದು?

ಎದುರಾಳಿ ಎಲ್ಲಿದ್ದಾನೆ, ಗುಂಡು ಯಾರಿಗೆ ತಗುಲಿತು, ಗೋಡೆ ಹೇಗೆ ಕುಸಿಯಬೇಕು, ಈ ಲೆಕ್ಕವೆಲ್ಲ ಪ್ರೊಸೆಸರ್‌ನದು. ಲೆಕ್ಕ ಮುಗಿಸಿ ಅದು ಅಪ್ಪಣೆ ಕೊಟ್ಟ ಮೇಲೆಯೇ ಕಾರ್ಡು ಚಿತ್ರ ಬರೆಯುವುದು. 144 ಹರ್ಟ್ಸ್ ಮಾನಿಟರಿನಲ್ಲಿ ಒಂದೊಂದು ಫ್ರೇಮಿಗೆ ಸಿಗುವ ಕಾಲ 7 ಮಿಲಿಸೆಕೆಂಡಿಗೂ ಕಡಿಮೆ. ಅಷ್ಟರಲ್ಲಿ ಅಪ್ಪಣೆ ಬಾರದಿದ್ದರೆ ಅಷ್ಟು ದುಡ್ಡಿನ ಕಾರ್ಡು ಸುಮ್ಮನೆ ಕಾಯುತ್ತಾ ಕೂರುತ್ತದೆ. ಕೆರೆಗೆ ಪೂರಕ ನಾಲೆ ಬೇಕೆಂದು ಹೋರಾಡಿದ ಊರಿನ ಹುಡುಗ ನೀನು. ಕೆರೆ ಎಷ್ಟು ದೊಡ್ಡದಿದ್ದರೂ ನಾಲೆಯಲ್ಲಿ ಹರಿದು ಬಂದಷ್ಟೇ ನೀರು ಅನ್ನುವುದನ್ನು ನಿನಗೆ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ವಿಷಯ ಬಹಳ ಜನ ಗಮನಿಸುವುದಿಲ್ಲ. 1080ಪಿ ಪರದೆಗಿಂತ 4ಕೆ ಪರದೆಯಲ್ಲಿ ನಾಲ್ಕು ಪಟ್ಟು ಪಿಕ್ಸೆಲ್‌ಗಳಿವೆ. ಕಾರ್ಡಿನ ಹೊರೆ ಏರುತ್ತದೆ, ಪ್ರೊಸೆಸರ್‌ನ ಲೆಕ್ಕ ಮಾತ್ರ ಹೆಚ್ಚುಕಡಿಮೆ ಇದ್ದಷ್ಟೇ ಇರುತ್ತದೆ. ಹಾಗಾಗಿ 4ಕೆಯಲ್ಲಿ ಸೈಬರ್‌ಪಂಕ್ 2077 ಥರದ ಆಟವನ್ನು ಸೆಟ್ಟಿಂಗ್ಸ್ ಎಲ್ಲ ಮೇಲೇರಿಸಿ ಆಡುವವನಿಗೆ ಆರು ಕೋರಿನ ರೈಜನ್ 5 7600 ಕೂಡ ಬಹುಪಾಲು ಸಾಕಾಗುತ್ತದೆ. 1080ಪಿ, 240 ಹರ್ಟ್ಸ್‌ನಲ್ಲಿ ಕೌಂಟರ್-ಸ್ಟ್ರೈಕ್ 2 ಅಥವಾ ವ್ಯಾಲೊರಂಟ್ ಆಡುವವನಿಗೆ ಪ್ರೊಸೆಸರೇ ಯಜಮಾನ. ಡಿಎಲ್‌ಎಸ್‌ಎಸ್ ಹಾಕಿದರೆ ಲೆಕ್ಕ ಮತ್ತೆ ಬದಲು: 4ಕೆಯ ಕ್ವಾಲಿಟಿ ಮೋಡಿನಲ್ಲೂ ಕಾರ್ಡು ಒಳಗೆ ಬರೆಯುವುದು 1440ಪಿ ಚಿತ್ರವನ್ನು, ಆಗ ಪ್ರೊಸೆಸರ್‌ನ ಮೇಲೆ ಒತ್ತಡ ಹೆಚ್ಚುತ್ತದೆ.

ಆದ್ದರಿಂದ ಎಲ್ಲವನ್ನೂ ಒಂದೇ ದಿನ ಕೊಳ್ಳಬೇಡ. ಮೊದಲು ಕಾರ್ಡು, ಅದರ ಜೊತೆಗೆ 850 ವ್ಯಾಟಿನ ಒಳ್ಳೆಯ ಎಸ್‌ಎಂಪಿಎಸ್ ತಂದು ಈಗಿರುವ ಕಂಪ್ಯೂಟರಿಗೇ ಹಾಕಿ ಆಡಿ ನೋಡು. ರೆಸಲ್ಯೂಶನ್ ಇಳಿಸಿದಾಗ ಎಫ್‌ಪಿಎಸ್ ಏರಿದರೆ ಹಳೆಯ ಪ್ರೊಸೆಸರ್‌ನಲ್ಲಿ ಇನ್ನೂ ಕಸುವಿದೆ. ಇಳಿಸಿದರೂ ಎಫ್‌ಪಿಎಸ್ ಅಲ್ಲೇ ನಿಂತರೆ ಬದಲಾಯಿಸುವ ಕಾಲ ಬಂದಿದೆ ಅಂತ ತಿಳಿ.

ಬದಲಾಯಿಸುವುದೇ ಆದರೆ ನನ್ನ ಆಯ್ಕೆ ರೈಜನ್ 7 9800ಎಕ್ಸ್3ಡಿ. 2024ರ ನವೆಂಬರಿನಲ್ಲಿ ಬಂದದ್ದು. ಎಂಟೇ ಕೋರ್, ಆದರೆ 96 ಎಂಬಿ ಎಲ್3 ಕ್ಯಾಶ್. ಆಟಕ್ಕೆ ಪದೇ ಪದೇ ಬೇಕಾಗುವ ಮಾಹಿತಿ ಅಲ್ಲೇ ಸಿಗುವುದರಿಂದ ರ್‍ಯಾಮ್‌ವರೆಗೆ ಓಡಾಟ ತಪ್ಪುತ್ತದೆ. ಹಿಂದಿನ 7800ಎಕ್ಸ್3ಡಿಯಲ್ಲಿ ಹೆಚ್ಚುವರಿ ಕ್ಯಾಶ್ ಕೋರ್‌ಗಳ ಮೇಲೆ ಕೂತಿತ್ತು, ಇದರಲ್ಲಿ ಕೆಳಗಿದೆ, ಹಾಗಾಗಿ ಕೋರ್‌ಗಳ ಶಾಖ ಕೂಲರ್‌ಗೆ ಸಲೀಸಾಗಿ ದಾಟುತ್ತದೆ. ನಮ್ಮ ಹಿರಿಯೂರು ಸೀಮೆಯ ಬೇಸಿಗೆಗೆ ಇದು ಸಣ್ಣ ಸಂಗತಿಯಲ್ಲ. ಆದರೂ ಆ 7800ಎಕ್ಸ್3ಡಿ ಕಡಿಮೆ ಬೆಲೆಗೆ ಸಿಕ್ಕರೆ ಬಿಡಬೇಡ. ಹದಿನಾರು ಕೋರಿನ 9950ಎಕ್ಸ್3ಡಿ ವಿಡಿಯೊ ಎಡಿಟಿಂಗ್ ಮಾಡುವವರಿಗೆ ಸರಿ, ಬರೀ ಆಟಕ್ಕೆ ದುಡ್ಡು ದಂಡ.

ಇಂಟೆಲ್‌ನ 13, 14ನೇ ತಲೆಮಾರಿನ ಐ9 ಸೆಕೆಂಡ್ ಹ್ಯಾಂಡಿನಲ್ಲಿ ಅಗ್ಗಕ್ಕೆ ಬಂದರೆ ಹುಷಾರು. ವೋಲ್ಟೇಜ್ ಅತಿಯಾಗಿ ಚಿಪ್ ಹದಗೆಡುವ ತೊಂದರೆಯನ್ನು 2024ರಲ್ಲಿ ಕಂಪನಿಯೇ ಒಪ್ಪಿಕೊಂಡಿತು. ಆಮೇಲೆ ಬಂದ ಬಯೋಸ್ ಅಪ್‌ಡೇಟ್ ಮುಂದಿನ ಹಾನಿ ತಡೆಯಲಿಕ್ಕೆ ಮಾತ್ರ, ಆಗಲೇ ಕೆಟ್ಟದ್ದನ್ನು ಸರಿಮಾಡುವುದಿಲ್ಲ.

ಪ್ರೊಸೆಸರ್‌ನಲ್ಲಿ ಉಳಿದ ದುಡ್ಡನ್ನು ಯುಪಿಎಸ್‌ಗೆ ಹಾಕು ಕಣಪ್ಪಾ. ಸಾಮಾನ್ಯವಾಗಿ ಮನೆಗೆ ತರುವ 600 ವಿಎ ಯುಪಿಎಸ್ ತಡೆಯುವುದು 360 ವ್ಯಾಟ್. ಈ ಕಾರ್ಡೊಂದೇ ಅಷ್ಟು ಎಳೆಯಬಲ್ಲದು, ಪ್ರೊಸೆಸರ್, ಮಾನಿಟರ್ ಬೇರೆ. ಆಟದ ನಡುವೆ ಕರೆಂಟ್ ಹೋದರೆ ಯುಪಿಎಸ್ ಬಡಕೊಂಡು ಆರಿಹೋಗುತ್ತದೆ. ಡಬ್ಬಿಯ ಮೇಲೆ ವಿಎ ನೋಡಬೇಡ, ವ್ಯಾಟ್ ನೋಡು. 850 ವ್ಯಾಟ್ ಆಸುಪಾಸಿನದು, ಪ್ಯೂರ್ ಸೈನ್ ವೇವ್ ಇರುವುದೇ ಬೇಕು ಅಂತ ಕೇಳಿ ತಾ.